ಪದಚರ್ಚೆ: ತಂಡ ‘ಒಡೆಯಿತು’, ‘ಮರಳಿತು’ – ಶುಗಬೇಬ್ಸ್ ಕತೆಗೆ ಯಾವ ಕ್ರಿಯಾಪದ?

ಬಳಗದ ಎಲ್ಲರಿಗೂ ನಮಸ್ಕಾರ.

ಬ್ರಿಟನ್ನಿನ ‘ಶುಗಬೇಬ್ಸ್’ ಎಂಬ ಪಾಪ್ ಗಾಯಕಿಯರ ತಂಡದ ಬಗ್ಗೆ ಮಾಸಪತ್ರಿಕೆಯೊಂದಕ್ಕೆ ಲೇಖನ ಬರೆಯುತ್ತಿದ್ದೇನೆ. ಹಾಡುಗಳ ಬಗ್ಗೆ ಬರೆಯುವಾಗ ಏನೂ ತೊಡಕಾಗಲಿಲ್ಲ. ಯಾರು ಯಾವಾಗ ಬಂದರು, ಯಾರು ಹೇಗೆ ಹೋದರು ಎಂಬಲ್ಲಿ ಪೆನ್ನು ನಿಂತುಬಿಟ್ಟಿದೆ. ಇಂಥ ಸುದ್ದಿಗೆ ನಮ್ಮ ಪತ್ರಿಕೆಗಳಲ್ಲಿ ಸಾಮಾನ್ಯವಾಗಿ ಎರಡೇ ಪದ: ಹೋದರೆ ‘ವಿಘಟನೆ’, ಬಂದರೆ ‘ಪುನರಾಗಮನ’. ಈ ತಂಡದ ಮಟ್ಟಿಗೆ ಎರಡೂ ಕೈಕೊಡುತ್ತವೆ. ನನಗೆ ತೋಚಿದ್ದನ್ನು ಕೆಳಗೆ ಬರೆದಿದ್ದೇನೆ. ತಪ್ಪಿದ್ದರೆ ತಿದ್ದಿ, ನಿಮ್ಮ ಕಡೆಯ ಬಳಕೆ ಬೇರೆ ಇದ್ದರೆ ಅದನ್ನೂ ತಿಳಿಸಿ.

ಮೊದಲು ಕತೆ, ಗೊತ್ತಿಲ್ಲದವರಿಗಾಗಿ. 1998ರಲ್ಲಿ ಲಂಡನ್ನಿನಲ್ಲಿ ತಂಡ ಶುರುವಾಯಿತು. ಶಿವಾನ್ ಡೊನಹೀ, ಮುತ್ಯಾ ಬ್ಯುಯೆನಾ, ಕೀಶಾ ಬ್ಯುಕ್ಯಾನನ್ – ಮೂವರೂ ಆಗ ಹೈಸ್ಕೂಲಿಗೆ ಹೋಗುವ ವಯಸ್ಸಿನವರು. 2000ದಲ್ಲಿ ಬಂದ ‘ಓವರ್‌ಲೋಡ್’ ಬ್ರಿಟನ್ನಿನ ಹಾಡುಗಳ ಮಾರಾಟದ ಪಟ್ಟಿಯಲ್ಲಿ 6ನೇ ಸ್ಥಾನಕ್ಕೇರಿತು. ಮರುವರ್ಷ ಜಪಾನ್ ಪ್ರವಾಸದ ನಡುವೆಯೇ ಶಿವಾನ್ ತಂಡ ಬಿಟ್ಟರು. ಧ್ವನಿಮುದ್ರಣ ಕಂಪನಿಯೂ ತಂಡವನ್ನು ಕೈಬಿಟ್ಟಿತು. ಲಿವರ್‌ಪೂಲಿನ ಹೈಡಿ ರೇಂಜ್ ಆ ಜಾಗಕ್ಕೆ ಬಂದರು. 2002ರಲ್ಲಿ ಹೊಸ ಕಂಪನಿಯಿಂದ ಬಂದ ‘ಫ್ರೀಕ್ ಲೈಕ್ ಮಿ’ ಮೊದಲ ಸ್ಥಾನಕ್ಕೆ ಹೋಯಿತು. 2005ರ ಡಿಸೆಂಬರಿನಲ್ಲಿ ಮುತ್ಯಾ ಹೋದರು, ಅಮೆಲ್ ಬೆರಾಬಾ ಬಂದರು. 2009ರ ಸೆಪ್ಟೆಂಬರಿನಲ್ಲಿ ಕೀಶಾ ಹೋದರು, ಅದೇ ವರ್ಷ ಯೂರೋವಿಷನ್ ಸ್ಪರ್ಧೆಯಲ್ಲಿ ಬ್ರಿಟನ್ ಪರವಾಗಿ ಹಾಡಿ 5ನೆಯವರಾಗಿದ್ದ ಜೇಡ್ ಯೂವೆನ್ ಬಂದರು. ಅಲ್ಲಿಗೆ ತಂಡದ ಹೆಸರು ಉಳಿಯಿತು, ಆ ಹೆಸರು ತಂದುಕೊಟ್ಟ ಮೂವರಲ್ಲಿ ಒಬ್ಬರೂ ಉಳಿಯಲಿಲ್ಲ. 2011ರ ಬಳಿಕ ತಂಡದ ಸದ್ದಡಗಿತು. 2012ರಲ್ಲಿ ಮೊದಲಿನ ಮೂವರು ಮತ್ತೆ ಜೊತೆಯಾದರು. ಹೆಸರು ಕೈಯಲ್ಲಿರಲಿಲ್ಲವಾಗಿ ‘ಮುತ್ಯಾ ಕೀಶಾ ಶಿವಾನ್’ ಎಂದೇ ಕರೆದುಕೊಂಡರು. 2019ರ ಹೊತ್ತಿಗೆ ಹಳೆಯ ಹೆಸರು ಅವರ ಕೈಸೇರಿತ್ತು.

(ವಿಷಯಕ್ಕೆ ಹೊರತಾದ ಒಂದು ಮಾತು. ಮುತ್ಯಾ ಅವರ ತಂದೆ ಫಿಲಿಪ್ಪೀನ್ಸ್ ಮೂಲದವರು; ಟಗಾಲಾಗ್ ಭಾಷೆಯಲ್ಲಿ ‘ಮುತ್ಯಾ’ ಎಂದರೆ ಮುತ್ತು. ನಮ್ಮ ಕಲಬುರಗಿ, ವಿಜಯಪುರದ ಕಡೆಯ ಓದುಗರಿಗೆ ಅಜ್ಜ ನೆನಪಾದರೆ ಲೇಖಕ ಹೊಣೆಯಲ್ಲ. ‘ಶಿವಾನ್’ ಐರಿಷ್ ಹೆಸರು. ಅದರ ಸ್ಪೆಲಿಂಗ್ ನೋಡಿ ‘ಸಿಯೋಭಾನ್’ ಎಂದು ಬರೆಯುವವರಿದ್ದಾರೆ, ಉಚ್ಚಾರ ಮಾತ್ರ ಶಿವಾನ್.)

ಈಗ ಪದಗಳಿಗೆ ಬರೋಣ.

ತಂಡ ‘ಒಡೆಯಿತು’ ಎನ್ನಲು ಒಂದು ದಿನ ಬೇಕು, ಒಂದು ಹೇಳಿಕೆ ಬೇಕು. ಬ್ರಿಟನ್ನಿನದೇ ಹುಡುಗರ ಪಾಪ್ ತಂಡ ‘ಟೇಕ್ ದಟ್’ಗೆ ಅದು ಇತ್ತು. 1996ರ ಫೆಬ್ರವರಿ 13ರಂದು ಪತ್ರಕರ್ತರನ್ನು ಕರೆದು, ಮುಗಿಯಿತು ಎಂದು ಘೋಷಿಸಿದರು. ಅಳುತ್ತಿದ್ದ ಹುಡುಗಿಯರಿಗೆ ಸಮಾಧಾನ ಹೇಳಲು ದೂರವಾಣಿ ಸಹಾಯವಾಣಿಗಳನ್ನೇ ತೆರೆಯಬೇಕಾಯಿತು. ಅದನ್ನು ‘ವಿಸರ್ಜನೆ’ ಎಂದರೂ ಸರಿ, ‘ಬರಖಾಸ್ತು’ ಎಂದರೂ ಸರಿ. ಶುಗಬೇಬ್ಸ್ ಹಾಗೆ ಒಡೆದದ್ದೇ ಇಲ್ಲ. ಒಬ್ಬರು ಹೋದರು, ಆ ಜಾಗಕ್ಕೆ ಇನ್ನೊಬ್ಬರು ಬಂದು ನಿಂತರು, ಮುಂದಿನ ಹಾಡು ಬಂತು. ‘ಇಬ್ಭಾಗ’ವಂತೂ ಇಲ್ಲಿ ಸಲ್ಲದು, ಅದು ರಾಜಕೀಯ ಪಕ್ಷಗಳ ಪದ, ಎರಡೂ ತುಂಡು ಜೀವಂತ ಇರಬೇಕು. ‘ಮುರಿದುಬಿತ್ತು’ ಮದುವೆ ಮಾತುಕತೆಗೂ ಮೈತ್ರಿ ಸರ್ಕಾರಕ್ಕೂ ಇರಲಿ.

ಹಾಗಾದರೆ ಹೋದವರಿಗೆ ಯಾವ ಕ್ರಿಯಾಪದ? ನನ್ನ ಕರಡಿನಲ್ಲಿ ಮೂರು ಕಡೆಯೂ ‘ತಂಡ ತೊರೆದರು’ ಎಂದಿತ್ತು. ಶಿವಾನ್ ವಿಷಯದಲ್ಲಿ ಅದು ನಿಲ್ಲುತ್ತದೆ, ಪ್ರವಾಸದ ನಡುವೆ ಬಿಟ್ಟು ನಡೆದವರು ಅವರೇ. ಕೀಶಾ ವಿಷಯದಲ್ಲಿ ನಿಲ್ಲದು. ಬಿಡುವುದು ತನ್ನ ಆಯ್ಕೆಯಾಗಿರಲಿಲ್ಲ ಎಂದು ಅವರು ಆಗಲೇ ಬಹಿರಂಗವಾಗಿ ಹೇಳಿದ್ದರು. ‘ತೊರೆದರು’ ಎಂದು ಬರೆದರೆ ಅವರ ಮಾತನ್ನು ನಾವು ಸುಳ್ಳು ಮಾಡಿದಂತೆ. ‘ಹೊರಹಾಕಿದರು’ ಎಂದರೆ ಉಳಿದವರ ಮೇಲೆ ಆರೋಪ ಹೊರಿಸಿದಂತೆ. ಕ್ರಿಕೆಟ್ ವರದಿಯ ‘ಕೈಬಿಡಲಾಯಿತು’ ಇದೆ, ಅದಕ್ಕೆ ಕರ್ತೃ ಬೇಕಿಲ್ಲ ಎಂಬ ಅನುಕೂಲವೂ ಇದೆ, ಆದರೆ ಅದರ ಹಿಂದೆ ಆಯ್ಕೆ ಸಮಿತಿಯೊಂದು ಕೂತಿರುತ್ತದೆ.

ಕೊನೆಗೆ ನಾನು ಬಂದು ನಿಂತದ್ದು ‘ಹೊರಬಿದ್ದರು’ ಎಂಬಲ್ಲಿ. ‘ಬೆಳಿಗ್ಗೆ ಆರಕ್ಕೇ ಮನೆಯಿಂದ ಹೊರಬಿದ್ದೆ’ ಅಂದರೆ ತಾನಾಗಿ ಹೊರಟದ್ದು. ‘ಟೂರ್ನಿಯಿಂದ ಹೊರಬಿದ್ದರು’ ಅಂದರೆ ಸೋತು ಹೋದದ್ದು. ನಡೆದು ಬಂದರೋ, ನೂಕಿಸಿಕೊಂಡು ಬಂದರೋ ಎಂಬುದನ್ನು ಈ ಪದ ಬಾಯಿಬಿಡುವುದಿಲ್ಲ. ಕೀಶಾ ಪ್ರಕರಣಕ್ಕೆ ಇಷ್ಟೇ ಬೇಕಾದದ್ದು. ನನ್ನ ಸಂಶಯ ಇದು: ಹಳೆ ಮೈಸೂರಿನ ಕಿವಿಗೆ ‘ಹೊರಬಿದ್ದರು’ ಎಂಬಲ್ಲಿ ‘ಬಿದ್ದರು’ ತುಸು ಜೋರಾಗಿ ಕೇಳಿಸಿ, ಅವಮಾನದ ಛಾಯೆ ಬರುತ್ತದೆಯೇ? ಧಾರವಾಡದ ಕಡೆಯವರು ‘ಹೊರಬಿದ್ದರು’ ಎಂದು ಸಲೀಸಾಗಿ ಹೇಳುವುದನ್ನು ಕೇಳಿದ್ದೇನೆ.

ಇನ್ನೊಂದು ಕಡೆ ಪದವೇ ಸಿಕ್ಕಿಲ್ಲ, ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. 2005ರ ಅಕ್ಟೋಬರಿನಲ್ಲಿ ‘ಟಾಲರ್ ಇನ್ ಮೋರ್ ವೇಸ್’ ಆಲ್ಬಂ ಬಂತು. ಅದರಲ್ಲಿ ಮುತ್ಯಾ, ಕೀಶಾ, ಹೈಡಿ ಹಾಡಿದ್ದರು. ‘ಪುಷ್ ದ ಬಟನ್’ ಮೊದಲ ಸ್ಥಾನದಲ್ಲಿತ್ತು, ಆಲ್ಬಮ್ಮೂ ಹಾಗೇ. ಡಿಸೆಂಬರಿನಲ್ಲಿ ಮುತ್ಯಾ ತಂಡದಿಂದ ಹೊರಬಿದ್ದರು. ಅಂಗಡಿಯಲ್ಲಿ ಆಲ್ಬಂ ಇನ್ನೂ ಬಿಸಿಬಿಸಿಯಾಗಿ ಮಾರಾಟದಲ್ಲಿದೆ, ಅದರೊಳಗಿನ ಮೂರರಲ್ಲೊಂದು ದನಿ ತಂಡದಲ್ಲಿಲ್ಲ. 2006ರ ಆರಂಭದಲ್ಲಿ ಅದೇ ಆಲ್ಬಮ್ಮನ್ನು ಮತ್ತೆ ಬಿಡುಗಡೆ ಮಾಡಿದರು. ‘ರೆಡ್ ಡ್ರೆಸ್’ ಮುಂತಾದ ಕೆಲವು ಹಾಡುಗಳಲ್ಲಿ ಮುತ್ಯಾ ಹಾಡಿದ್ದ ಸಾಲುಗಳನ್ನು ತೆಗೆದು ಅಮೆಲ್ ದನಿಯನ್ನು ಕೂರಿಸಿದ್ದರು. ಉಳಿದ ಹಾಡುಗಳಲ್ಲಿ ಮುತ್ಯಾ ಹಾಗೆಯೇ ಇದ್ದರು. ಹಾಗಾಗಿ ಒಂದೇ ಡಿಸ್ಕಿನಲ್ಲಿ ಹೋದವರೂ ಬಂದವರೂ ಇಬ್ಬರೂ ಹಾಡುತ್ತಾರೆ, ಜೊತೆಯಾಗಿ ಒಂದು ಸಾಲನ್ನೂ ಹಾಡುವುದಿಲ್ಲ. ಕೀಶಾ ಹೋದಾಗಲೂ ಇದೇ ಆಯಿತು, ಅವರು ಹಾಡಿದ್ದನ್ನು ಜೇಡ್ ಕೈಯಲ್ಲಿ ಮತ್ತೆ ಹಾಡಿಸಿ 2010ರಲ್ಲಿ ‘ಸ್ವೀಟ್ 7’ ಹೊರತಂದರು.

ಈ ಕೆಲಸಕ್ಕೆ ಏನನ್ನೋಣ? ‘ಕಂಠದಾನ’ ನೆನಪಾಯಿತು, ಆದರೆ ಅದು ಇನ್ನೊಬ್ಬರ ಮುಖಕ್ಕೆ ದನಿ ಕೊಡುವುದು, ಸಿನಿಮಾದ ಮಾತು. ಇಲ್ಲಿ ಯಾರೂ ಯಾರಿಗೂ ದಾನ ಮಾಡಿಲ್ಲ. ‘ಮರುಧ್ವನಿಮುದ್ರಣ’ ಎಂದರೆ ಹಾಡನ್ನು ಇಡಿಯಾಗಿ ಮತ್ತೆ ಮುದ್ರಿಸಿದಂತೆ ಕೇಳುತ್ತದೆ. ಸದ್ಯಕ್ಕೆ ‘ಮುತ್ಯಾ ದನಿ ತೆಗೆದು ಅಮೆಲ್ ದನಿ ಸೇರಿಸಿದರು’ ಎಂದು ಬಿಡಿಸಿಯೇ ಬರೆದಿದ್ದೇನೆ. ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಕೆಲಸ ಮಾಡುವವರು ಈ ಬಳಗದಲ್ಲಿ ಇದ್ದರೆ, ನೀವು ದಿನಾ ಆಡುವ ಮಾತು ಯಾವುದು?

ಮುಂದಿನದು ‘ಮೂಲ ಸದಸ್ಯರು’. ಶಿವಾನ್, ಮುತ್ಯಾ, ಕೀಶಾ ಮೂವರನ್ನು ಹೀಗೆ ಕರೆಯುವುದರಲ್ಲಿ ತಪ್ಪಿಲ್ಲ. ‘ಅಸಲಿ ಶುಗಬೇಬ್ಸ್’ ಎಂದಾಗ ಮಾತ್ರ ತಕರಾರು. ಅಸಲಿ ಅಂದ ಕೂಡಲೇ ನಕಲಿ ಯಾರು ಎಂಬ ಪ್ರಶ್ನೆ ಬರುತ್ತದೆ, ಬೆರಳು ಹೈಡಿ ಕಡೆ ತಿರುಗುತ್ತದೆ. ಲೆಕ್ಕ ನೋಡಿ. ಈ ತಂಡ ಬ್ರಿಟನ್ನಿನ ಪಟ್ಟಿಯಲ್ಲಿ 6 ಸಲ ಮೊದಲ ಸ್ಥಾನ ಪಡೆದಿದೆ: ‘ಫ್ರೀಕ್ ಲೈಕ್ ಮಿ’, ‘ರೌಂಡ್ ರೌಂಡ್’, ‘ಹೋಲ್ ಇನ್ ದ ಹೆಡ್’, ‘ಪುಷ್ ದ ಬಟನ್’, ‘ಗರ್ಲ್ಸ್ ಅಲೌಡ್’ ತಂಡದ ಜೊತೆ ಹಾಡಿದ ‘ವಾಕ್ ದಿಸ್ ವೇ’, ಆಮೇಲೆ 2007ರ ‘ಅಬೌಟ್ ಯು ನೌ’. ಆರರಲ್ಲೂ ಹೈಡಿ ಇದ್ದಾರೆ. ಕೀಶಾ ಇದ್ದಾರೆ. ಮುತ್ಯಾ ನಾಲ್ಕರಲ್ಲಿ, ಅಮೆಲ್ ಎರಡರಲ್ಲಿ. ಶಿವಾನ್ ಒಂದರಲ್ಲೂ ಇಲ್ಲ. ‘ಅಸಲಿ’ ಮೂವರು ಒಟ್ಟಾಗಿ ಹಾಡಿದ ಒಂದು ಹಾಡೂ ಮೊದಲ ಸ್ಥಾನ ಕಂಡಿಲ್ಲ. ಆದರೂ ಸಂಗೀತ ಬಲ್ಲವರು ಇವತ್ತಿಗೂ ಎತ್ತಿಹಿಡಿಯುವುದು ‘ಓವರ್‌ಲೋಡ್’ ಹಾಡನ್ನೇ, ಅದರಲ್ಲಿ ನಾನೂ ಒಬ್ಬ. ಹಾಗಾಗಿ ‘ಮೊದಲ ಮೂವರು’ ಎಂದು ಕ್ರಮಸೂಚಕವಾಗಿ ಬರೆದುಬಿಟ್ಟರೆ ಯಾರಿಗೂ ಅನ್ಯಾಯವಿಲ್ಲ ಎಂಬುದು ನನ್ನ ಎಣಿಕೆ.

ತಂಡವನ್ನು ‘ಬ್ಯಾಂಡ್’ ಎನ್ನಲು ಮನಸ್ಸಿಲ್ಲ. ಹಳ್ಳಿಯ ಓದುಗರಿಗೆ ಮದುವೆಯ ಬ್ಯಾಂಡ್‌ಸೆಟ್ ಕಣ್ಣಮುಂದೆ ಬರುತ್ತದೆ, ಇವರೋ ಬರೀ ಹಾಡುವವರು. ಗೆಳೆಯರೊಬ್ಬರು ‘ಮೇಳ’ ಎನ್ನಿ ಎಂದರು. ಅವರು ಕುಂದಾಪುರದವರು, ಸಲಹೆಯಲ್ಲಿ ಹುರುಳಿದೆ. ಯಕ್ಷಗಾನದಲ್ಲಿ ಮೇಳದ ಹೆಸರು ಕ್ಷೇತ್ರದ್ದು: ಧರ್ಮಸ್ಥಳ ಮೇಳ, ಕಟೀಲು ಮೇಳ, ಮಂದಾರ್ತಿ ಮೇಳ. ತಿರುಗಾಟದಿಂದ ತಿರುಗಾಟಕ್ಕೆ ಕಲಾವಿದರು ಈ ಮೇಳದಿಂದ ಆ ಮೇಳಕ್ಕೆ ಹೋಗುತ್ತಾರೆ, ಬರುತ್ತಾರೆ. ಭಾಗವತರು ಬದಲಾದರೆಂದು ಮೇಳ ಅಸಲಿಯಲ್ಲ ಎಂದು ಯಾರೂ ಅನ್ನುವುದಿಲ್ಲ. ಶುಗಬೇಬ್ಸ್ ನಡೆಸಿದವರೂ ತಂಡವನ್ನು ಮೇಳ ಎಂದುಕೊಂಡಿದ್ದರು, ಅಭಿಮಾನಿಗಳು ಅದನ್ನು ಮೂರು ದನಿ ಎಂದುಕೊಂಡಿದ್ದರು. 2009ರ ಜಗಳದ ಬೇರು ಇಲ್ಲಿದೆ. ಇಷ್ಟಾದರೂ ‘ಮೇಳ’ವನ್ನು ತಂಡದ ಹೆಸರಿಗೆ ಅಂಟಿಸಲು ಹಿಂಜರಿಕೆ, ಚೆಂಡೆ ಕೇಳಿಸಿಬಿಡುತ್ತದೆ. ಅದರ ಬದಲು ‘ತಿರುಗಾಟ’ವನ್ನು ಎತ್ತಿಕೊಳ್ಳಬಹುದೇ? ಊರಿಂದೂರಿಗೆ ಹೋಗಿ ಕಾರ್ಯಕ್ರಮ ಕೊಡುವುದಕ್ಕೆ ‘ಪ್ರವಾಸ’ ಎಂದು ಬರೆದಾಗಲೆಲ್ಲ ನನಗೆ ಹಂಪಿ, ಬೇಲೂರು, ಶಾಲೆಯ ಬಸ್ಸು ನೆನಪಾಗುತ್ತದೆ.

ಇನ್ನು ಕಾನೂನಿನ ಭಾಗ. ಹೊರಬಿದ್ದ ಮೇಲೂ ಮುತ್ಯಾ ತಂಡದ ಹೆಸರನ್ನು ಬಿಟ್ಟುಕೊಡಲಿಲ್ಲ. ಕಾಗದ, ರಟ್ಟು, ಉಡುಗೊರೆ ಸುತ್ತುವ ಹಾಳೆ ಇಂಥ ಸರಕಿನ ಮೇಲೆ ಶುಗಬೇಬ್ಸ್ ಹೆಸರು ಬಳಸುವ ಹಕ್ಕಿಗಾಗಿ ಟ್ರೇಡ್‌ಮಾರ್ಕ್ ಅರ್ಜಿ ಹಾಕಿದರು. ಹಾಡುವ ತಂಡದ ಹೆಸರಿಗೆ ಬಣ್ಣದ ಕಾಗದದ ಬಾಗಿಲಿನಿಂದ ಒಳಹೊಕ್ಕರು ಅನ್ನಿ. ಇಲ್ಲಿ ‘ವ್ಯಾಪಾರ ಮುದ್ರೆ’ ಎಂದು ಬರೆಯಲು ಸಂಪಾದಕರು ಒತ್ತಾಯಿಸುತ್ತಿದ್ದಾರೆ. ಅಂಗಡಿ ಇಟ್ಟವರೆಲ್ಲ ‘ಟ್ರೇಡ್‌ಮಾರ್ಕ್’ ಎಂದೇ ಅನ್ನುವಾಗ ಈ ಹಟ ಯಾಕೋ.

ಕಡೆಯದಾಗಿ, ಮರಳುವುದು. ‘ಪುನರಾಗಮನ’ಕ್ಕೆ ನನ್ನ ಆಕ್ಷೇಪ ಅದರ ಸಂಸ್ಕೃತದ ಬಗ್ಗೆ ಅಲ್ಲ. ಪೂಜೆಯ ಕೊನೆಗೆ ದೇವರನ್ನು ಕಳಿಸಿಕೊಡುವಾಗ ‘ಪುನರಾಗಮನಾಯ ಚ’ ಎನ್ನುತ್ತೇವೆ. ವಿಸರ್ಜನೆ, ಪುನರಾಗಮನ ಎರಡೂ ಅಲ್ಲಿ ಜೋಡಿಪದಗಳು, ಹೋದ ಗಣಪತಿಯೇ ಮುಂದಿನ ಚೌತಿಗೆ ಬರುತ್ತಾನೆ ಎಂಬ ಭರವಸೆ. ಹೋದವರೇ ಬಂದಾಗ ಪದ ಚೆನ್ನ. ಟೇಕ್ ದಟ್ ನಾಲ್ವರು 2006ರಲ್ಲಿ ಮತ್ತೆ ವೇದಿಕೆ ಹತ್ತಿದ್ದು ಪುನರಾಗಮನ. ತಂಡ ಒಡೆಯುವ ಮೊದಲೇ ಬಿಟ್ಟುಹೋಗಿದ್ದ ರಾಬಿ ವಿಲಿಯಮ್ಸ್ 2010ರಲ್ಲಿ ಅವರನ್ನು ಕೂಡಿಕೊಂಡದ್ದಕ್ಕೆ ಆ ಪದ ಆಗದು, ತಂಡ ಅಷ್ಟರಲ್ಲಿ ಬಂದು ನಾಲ್ಕು ವರ್ಷವಾಗಿತ್ತು. ಶುಗಬೇಬ್ಸ್ ಕತೆಯಲ್ಲಿ 2011ಕ್ಕೆ ನಿಂತದ್ದು ಹೈಡಿ, ಅಮೆಲ್, ಜೇಡ್ ಇದ್ದ ತಂಡ, ಬಂದದ್ದು ಬೇರೆ ಮೂವರು. ನಿಂತಾಗಲೂ ಮುಗಿಯಿತು ಎಂದು ಹೇಳಿ ನಿಲ್ಲಿಸಲಿಲ್ಲವಾದ್ದರಿಂದ ಅಲ್ಲಿ ‘ವಿರಾಮ’ಕ್ಕಿಂತ ‘ನಿಂತುಹೋಯಿತು’ ಸಾಕು ಅನ್ನಿಸಿದೆ. ಸಿನಿಮಾ ಪುಟದ ‘ಸೆಕೆಂಡ್ ಇನಿಂಗ್ಸ್’ ತುಂಬ ಸವೆದಿದೆ, ‘ಮತ್ತೆ ಬಣ್ಣ ಹಚ್ಚಿದರು’ ಗಾಯಕಿಯರಿಗೆ ಹೊಂದದು, ‘ಮರುಮಿಲನ’ ಪ್ರೇಮಿಗಳ ಸ್ವತ್ತು.

ನಾನು ಮಾಡಿಕೊಂಡ ವ್ಯವಸ್ಥೆ ಹೀಗಿದೆ. 2012ಕ್ಕೆ ‘ಮೂವರೂ ಮತ್ತೆ ಒಂದಾದರು’. 2019ಕ್ಕೆ ‘ಹೆಸರು ಮರಳಿ ಪಡೆದರು’. 2022ರಲ್ಲಿ ಗ್ಲಾಸ್ಟನ್‌ಬರಿ ಸಂಗೀತೋತ್ಸವದ ಅವಲಾನ್ ವೇದಿಕೆಯಲ್ಲಿ ಹಾಡಿದಾಗ ಜನ ಕಿಕ್ಕಿರಿದು, ಇನ್ನು ಯಾರನ್ನೂ ಒಳಗೆ ಬಿಡಲಾಗದೆ ಆ ಬಯಲನ್ನೇ ಮುಚ್ಚಿದರು, ಮರುವರ್ಷ ಲಂಡನ್ನಿನ ಓ2 ಅರೀನಾದಲ್ಲಿ ಅವರದೇ ಕಾರ್ಯಕ್ರಮ. ಅದಕ್ಕೆ ‘ಮರಳಿ ಬಂದರು’. ಒಂದಾಗುವುದು, ಹೆಸರು ಬರುವುದು, ಜನ ಬರುವುದು ಮೂರೂ ಬೇರೆ ಬೇರೆ ವರ್ಷ ನಡೆದವು. ಮೂರನ್ನೂ ಒಂದೇ ನಾಮಪದಕ್ಕೆ ತುರುಕಿದರೆ ಹತ್ತು ವರ್ಷದ ಪಾಡು ಕಾಣೆಯಾಗುತ್ತದೆ.

ಬಗೆಹರಿಯದೆ ಉಳಿದದ್ದು ಒಂದು. 2012–13ರಲ್ಲಿ ‘ಮುತ್ಯಾ ಕೀಶಾ ಶಿವಾನ್’ ಎಂಬ ಹೆಸರಿನಲ್ಲಿ ಧ್ವನಿಮುದ್ರಿಸಿ ಬಿಡುಗಡೆಯಾಗದೆ ಬಿದ್ದಿದ್ದ ಹಾಡುಗಳನ್ನು 2022ರ ಡಿಸೆಂಬರಿನಲ್ಲಿ ‘ದ ಲಾಸ್ಟ್ ಟೇಪ್ಸ್’ ಎಂದು ಹೊರತಂದರು, ಶುಗಬೇಬ್ಸ್ ಹೆಸರಿನಲ್ಲಿ. ಆಲ್ಬಂ ಪಟ್ಟಿಯಲ್ಲಿ ಇದನ್ನು ‘ಸ್ವೀಟ್ 7’ ಆದಮೇಲೆ ಶುಗಬೇಬ್ಸ್ ತಂಡದ ಎಂಟನೆಯದು ಎಂದು ಬರೆಯಲೇ, ಮೂವರ ತಂಡದ ಕೆಲಸವೆಂದು ಬೇರೆ ಸಾಲಿನಲ್ಲಿಡಲೇ? ಸಂಪಾದಕರು ಪಟ್ಟಿಗೆ ‘ಶುಗಬೇಬ್ಸ್ ಆಲ್ಬಂಗಳು’ ಎಂಬ ತಲೆಬರಹ ಕೊಟ್ಟಾಗಿದೆ. ಪತ್ರಿಕೆ ಮುಂದಿನ ವಾರ ಅಚ್ಚಿಗೆ ಹೋಗುತ್ತದೆ. ಅಷ್ಟರೊಳಗೆ ಯಾರಾದರೂ ಬರೆದರೆ ಉಪಕಾರ, ‘ಹೊರಬಿದ್ದರು’ ಬಗ್ಗೆ ಒಂದು ಸಾಲಾದರೂ ಬರೆಯಿರಿ.