ಡ್ರಮ್ಮಿನಲ್ಲಿ ಹಣ್ಣಾಗದ ನೇಂದ್ರ: ಸಸ್ಯವಿಜ್ಞಾನಿಯವರಿಗೆ ಊರೂರಿನವರ ಪ್ರಶ್ನೆಗಳು

ಬದಿಯಡ್ಕ: ಸರ್, ಓಣಂ ಮಾರ್ಕೆಟಿಗೆಂದು ನೇಂದ್ರ ಬಾಳೆಕಾಯಿಯ ಪಾಡಗಳನ್ನು (ಚಿಪ್ಪುಗಳನ್ನು) ನೀಲಿ ಡ್ರಮ್ಮಿಗೆ ತುಂಬಿಸಿ, ಮೇಲೆ ಹಣ್ಣಾದ ಕದಳಿ ಬಾಳೆ ಇಟ್ಟು, ಮುಚ್ಚಳಕ್ಕೆ ಗಾಳಿಯಾಡದ ಹಾಗೆ ಟೇಪ್ ಸುತ್ತಿದ್ದೆ. ನಿನ್ನೆ ತೆರೆದರೆ ಕಾಯಿ ಹಸುರೇ ಉಂಟು, ಕಳ್ಳಿನ ವಾಸನೆ ಬೇರೆ. ಎಂತ ಆದದ್ದು?

ಪೆರ್ಲ: ಒಂದು ತುಂಡು ಕಾರ್ಬೈಡ್ ಹಾಕಬಹುದಿತ್ತಲ್ಲ?

ವಿಜ್ಞಾನಿ: ಕಾರ್ಬೈಡ್ ಬೇಡ. 2011ರ ಆಹಾರ ಸುರಕ್ಷತಾ ನಿಯಮದಲ್ಲೇ ನಿಷೇಧ ಉಂಟು.

ಬದಿಯಡ್ಕದವರೇ, ನಿಮ್ಮದು ಸ್ವಾರಸ್ಯದ ಕೇಸು. ಕಾಯಿಯನ್ನು ಹಣ್ಣು ಮಾಡುವುದು ಎಥಿಲೀನ್ ಎಂಬ ಅನಿಲ. ಅದಕ್ಕೆ ಕಾಯಿಯೊಳಗೆ ಮೊದಲು ಎಸಿಸಿ ಎಂಬ ವಸ್ತು ತಯಾರಾಗುತ್ತದೆ. ಆ ಎಸಿಸಿಯನ್ನು ಎಥಿಲೀನ್ ಮಾಡುವುದು ಎಸಿಸಿ ಆಕ್ಸಿಡೇಸ್ ಎಂಬ ಕಿಣ್ವ. ಈ ಕಿಣ್ವದ ನಡುವೆ ಕಬ್ಬಿಣದ ಒಂದು ಪರಮಾಣು. ಎರಡು ಹಿಸ್ಟಿಡಿನ್, ಒಂದು ಆಸ್ಪಾರ್ಟೇಟ್ ಎಂಬ ಅಮೈನೋ ಆಮ್ಲಗಳು ಸೇರಿ ಅದನ್ನು ಹಿಡಿದುಕೊಂಡಿರುತ್ತವೆ. ಎಸಿಸಿ ಬಂದು ಆ ಕಬ್ಬಿಣಕ್ಕೇ ಅಂಟುತ್ತದೆ. ವಿಟಮಿನ್ ಸಿ ಎಲೆಕ್ಟ್ರಾನ್ ಕೊಡಬೇಕು, ಜೊತೆಗೆ ಆಮ್ಲಜನಕ ಬೇಕೇ ಬೇಕು. ಮುಚ್ಚಿದ ಡ್ರಮ್ಮಿನಲ್ಲಿ ಕಾಯಿಗಳು ಉಸಿರಾಡಿ ಇದ್ದ ಆಮ್ಲಜನಕವನ್ನೆಲ್ಲ ಮುಗಿಸಿವೆ. ಎಸಿಸಿ ರಾಶಿ ಬಿದ್ದರೂ ಕೆಲಸ ಮುಂದೆ ಹೋಗಲಿಲ್ಲ. ಕದಳಿಯ ಎಥಿಲೀನ್ ಇದ್ದೂ ಉಪಯೋಗವಿಲ್ಲ, ತುಂಬಿದ ಇಂಗಾಲದ ಡೈಆಕ್ಸೈಡ್ ಅದರ ಪರಿಣಾಮವನ್ನು ತಡೆಯುತ್ತದೆ. ಕಳ್ಳಿನ ವಾಸನೆ ಗಾಳಿಯಿಲ್ಲದೆ ಹುಳಿದದ್ದರಿಂದ.

1979ರಲ್ಲಿ ಆಡಮ್ಸ್ ಮತ್ತು ಯಾಂಗ್ ಎಂಬ ವಿಜ್ಞಾನಿಗಳು ಸೇಬಿನ ತುಂಡುಗಳನ್ನು ನೈಟ್ರೋಜನ್‌ನಲ್ಲಿ ಇಟ್ಟು ನೋಡಿದ್ದೂ ಇದನ್ನೇ: ಅಲ್ಲಿ ಎಸಿಸಿ ಸಂಗ್ರಹವಾಯಿತು, ಗಾಳಿಗೆ ತಂದಾಗ ಎಥಿಲೀನ್ ಆಯಿತು. ಹಾಗಾಗಿ ಪಾಡಗಳನ್ನು ನೆರಳಲ್ಲಿ ಹರಡಿ ಇಡಿ. ವಾಸನೆ ಹೋದರೆ ಹಣ್ಣಾದೀತು. ಹೋಗದಿದ್ದರೆ ಗೊಬ್ಬರದ ಗುಂಡಿಗೆ.

ಕುಂಬಳೆ: ನಮ್ಮಲ್ಲಿ ಕೋಣೆಗೆ ಹೊಗೆ ಹಾಕುವುದು. ಅದಾದೀತಾ?

ವಿಜ್ಞಾನಿ: ಹೊಗೆಯಲ್ಲಿ ಎಥಿಲೀನ್ ಉಂಟು, ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವೂ ಉಂಟು. ಬಾಗಿಲು ತೆರೆದ ಕೂಡಲೇ ಒಳಗೆ ತಲೆ ಹಾಕಬೇಡಿ, ಮನೆಯ ಹಿರಿಯರನ್ನು ನೋಡಲು ಕಳಿಸಲೂಬೇಡಿ.

ನೀರ್ಚಾಲು: ಈ ಫಾರ್ವರ್ಡ್ ನೋಡಿ: "ಹಣ್ಣಾಗುವ ಬಾಳೆಯಲ್ಲಿ ಸಯನೈಡ್! ರಾತ್ರಿ ತಿನ್ನಬೇಡಿ, ಎಲ್ಲರಿಗೂ ಕಳಿಸಿ!"

ಪೆರ್ಲ: ಅಯ್ಯೋ, ಮಕ್ಕಳಿಗೆ ಕೊಟ್ಟಿದ್ದೇನೆ.

ವಿಜ್ಞಾನಿ: ಕೊಡಿ, ಎಂತ ಆಗುವುದಿಲ್ಲ. ಅರ್ಧ ಸತ್ಯದ ಫಾರ್ವರ್ಡ್ ಇದು. ಎಥಿಲೀನ್ ಆಗುವಾಗ ಹೈಡ್ರೋಜನ್ ಸಯನೈಡ್ ಹುಟ್ಟುವುದು ನಿಜ. ಅದನ್ನು ಅಲ್ಲೇ ಇನ್ನೊಂದು ಕಿಣ್ವ ಹಿಡಿದು ಅಮೈನೋ ಆಮ್ಲಕ್ಕೆ ಸೇರಿಸಿಬಿಡುತ್ತದೆ. ಕಳಿಸುವ ಮೊದಲು ಕೇಳಬಾರದಾ?

ನೀರ್ಚಾಲು: ಜಾಗ್ರತೆ ಹೇಳಿದ್ದು ತಪ್ಪಾ?

ಕುಂಬಳೆ: ಕಳೆದ ವಾರ ಹಲಸಿನ ಬೀಜದಿಂದ ಶುಗರ್ ಗುಣ ಎಂದದ್ದೂ ನೀವೇ ಅಲ್ವಾ?

ನೀರ್ಚಾಲು: ನಿಮ್ಮ ಹೊಗೆ ಕೋಣೆಯ ವಿಷಯ ಮೊದಲು ನೋಡಿಕೊಳ್ಳಿ.

ಮುಳ್ಳೇರಿಯ: ಮುಂಡಪ್ಪ ಮಾವಿನ ಒಳಗೆ ಬಿಳಿ ಸ್ಪಂಜಿನ ಹಾಗೆ ಆಗುತ್ತದೆ, ಯಾಕೆ ಸರ್?

ಮಂಜೇಶ್ವರ: ಎಥೆಫಾನ್ (ಎಥಿಲೀನ್ ಬಿಡುವ ರಾಸಾಯನಿಕ) ಬೆರೆಸಿದ ನೀರಲ್ಲಿ ಕಾಯಿ ಅದ್ದಬಹುದಾ?

ವಿಜ್ಞಾನಿ: ಅದ್ದಬಾರದು. ಎಥಿಲೀನ್ ಗ್ಯಾಸ್ ಮಾತ್ರ, ಅದೂ 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 100 ಭಾಗ) ಮೀರದ ಹಾಗೆ.

ಪೆರ್ಲ: ಕಾರ್ಬೈಡ್ ಸ್ವಲ್ಪವೇ ಹಾಕಿದರೆ?

ವಿಜ್ಞಾನಿ: ಮೇಲೆ ಓದಿ.

ನೀರ್ಚಾಲು: ಪೇಟೆಯವರೆಲ್ಲ ಹಾಕುತ್ತಾರೆ, ಅವರಿಗೆ ಹೇಳಲಿ ನೋಡುವ.

ವಿಜ್ಞಾನಿ: ಕಾರ್ಬೈಡಿನಿಂದ ಬರುವುದು ಅಸಿಟಿಲೀನ್, ಜೊತೆಗೆ ಆರ್ಸೆನಿಕ್ ಅಂಶ. ಸಿಪ್ಪೆ ಹಳದಿಯಾದರೂ ಒಳಗಿನ ಪಿಷ್ಟ ಸಕ್ಕರೆಯಾಗಿರುವುದಿಲ್ಲ. ತಿಂದು ನೋಡಿ, ಗೊತ್ತಾಗುತ್ತದೆ. ಇವತ್ತಿಗೆ ಇಷ್ಟು ಸಾಕು.

ಬದಿಯಡ್ಕ: ಸರ್, ಡ್ರಮ್ಮಿಗೆ ತೂತು ಮಾಡಿದರೆ ಆಗ್ತದಾ?