ಐಕಾನ್ ದೊಡ್ಡದಾಯ್ತು, ಆದರೆ ಪರದೆಯೆಲ್ಲ ಮಸುಕು. ಏನು ಮಾಡಲಿ?

ಪ್ರಶ್ನೆ: ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 72 ವರ್ಷ. ವಿಂಡೋಸ್ 11 ಇರುವ ಕಂಪ್ಯೂಟರ್ ಬಳಸುತ್ತಾರೆ. ಡೆಸ್ಕ್‌ಟಾಪ್ ಮೇಲಿನ ಐಕಾನ್ ತೀರಾ ಚಿಕ್ಕದು, ಯಾವುದು ಯಾವುದು ಅಂತ ಗೊತ್ತಾಗಲ್ಲ ಅನ್ನುತ್ತಿದ್ದರು. ಪರಿಚಯದವರೊಬ್ಬರು ಬಂದು ರೆಸಲ್ಯೂಷನ್ (ಪರದೆಯ ಚಿತ್ರದಲ್ಲಿ ಅಡ್ಡಕ್ಕೆ, ಉದ್ದಕ್ಕೆ ಎಷ್ಟು ಚುಕ್ಕಿ ಅನ್ನುವ ಲೆಕ್ಕ) ಅನ್ನು 1920×1080ರಿಂದ 1366×768ಕ್ಕೆ ಇಳಿಸಿ ಹೋದರು. ಐಕಾನ್ ದೊಡ್ಡದಾದವು, ನಿಜ. ಆದರೆ ಅಕ್ಷರಗಳ ಅಂಚೆಲ್ಲ ಕಲಸಿಹೋದ ಹಾಗಿದೆ. ಸ್ವಲ್ಪ ಹೊತ್ತು ನೋಡಿದರೆ ಅಪ್ಪನಿಗೆ ಕಣ್ಣು ನೋಯುತ್ತದೆ. ಬೇರೆ ದಾರಿ ಇದೆಯಾ ಸರ್?

ಉತ್ತರ: ಇದೆ. ಮೊದಲು ರೆಸಲ್ಯೂಷನ್ ವಾಪಸ್ ಹಾಕಿ. ಡೆಸ್ಕ್‌ಟಾಪ್‌ನ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ, ಡಿಸ್‌ಪ್ಲೇ ಸೆಟ್ಟಿಂಗ್ಸ್ ತೆರೆಯಿರಿ. ರೆಸಲ್ಯೂಷನ್ ಪಟ್ಟಿಯಲ್ಲಿ ಯಾವುದರ ಪಕ್ಕ ರೆಕಮೆಂಡೆಡ್ ಅಂತ ಇದೆಯೋ ಅದನ್ನೇ ಆರಿಸಿ. ಆಮೇಲೆ ಬದಲಾವಣೆ ಉಳಿಸಬೇಕಾ ಅಂತ ಕೇಳುತ್ತದೆ. 15 ಸೆಕೆಂಡಿನೊಳಗೆ ಒಪ್ಪಿಗೆ ಕೊಡದಿದ್ದರೆ ಹಳೆಯದಕ್ಕೇ ಹೋಗಿಬಿಡುತ್ತದೆ, ಗಮನವಿರಲಿ.

ಮಸುಕು ಯಾಕೆ ಅಂತ ಹೇಳುತ್ತೇನೆ. ನಿಮ್ಮ ಮಾನಿಟರ್‌ನಲ್ಲಿ ಅಡ್ಡಕ್ಕೆ 1920 ಚುಕ್ಕಿಗಳಿವೆ. ಅವು ಗಾಜಿನ ಹಿಂದೆ ಕೂತಿರುವ ನಿಜವಾದ ಚುಕ್ಕಿಗಳು, ಸೆಟ್ಟಿಂಗ್ ಬದಲಾಯಿಸಿದರೆ ಕಡಿಮೆಯಾಗುವುದಿಲ್ಲ. ಕಂಪ್ಯೂಟರ್ 1366 ಚುಕ್ಕಿಗಳ ಚಿತ್ರ ಕಳಿಸಿದಾಗ ಅದರ ಒಂದೊಂದು ಚುಕ್ಕಿಯನ್ನೂ ಸುಮಾರು 1.4 ಚುಕ್ಕಿಯ ಮೇಲೆ ಹರಡಬೇಕು. ಅರ್ಧ ಚುಕ್ಕಿ ಅನ್ನುವುದು ಇಲ್ಲವಲ್ಲ, ಹಾಗಾಗಿ ಅಕ್ಕಪಕ್ಕದ ಬಣ್ಣ ಬೆರೆಸಿ ಹೊಂದಿಸುತ್ತದೆ. ಅಪ್ಪನಿಗೆ ಕಲಸಿದ ಹಾಗೆ ಕಾಣುವುದು ಅದೇ. ವಯಸ್ಸಾದವರಿಗೆ ಕಾಣಲಿ ಅಂತ ರೆಸಲ್ಯೂಷನ್ ಇಳಿಸುವುದನ್ನು ನಾನು ಕೆಲಸದಲ್ಲಿ ತುಂಬಾ ನೋಡಿದ್ದೇನೆ. ನೋಡಿದಾಗಲೆಲ್ಲ ಬೇಜಾರಾಗುತ್ತದೆ. ಒಳ್ಳೆಯ ಮನಸ್ಸಿನಿಂದಲೇ ಮಾಡಿರುತ್ತಾರೆ, ಆದರೆ ಕಣ್ಣಿಗೆ ಇನ್ನೂ ಜಾಸ್ತಿ ಕಷ್ಟ.

ಈಗ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ. ಕಾಣದಿರುವುದು ಐಕಾನ್ ಚಿತ್ರವಾ, ಕೆಳಗಿನ ಹೆಸರಾ, ಇಲ್ಲ ಎಲ್ಲವೂನಾ? ಮೂರಕ್ಕೂ ಬೇರೆ ಬೇರೆ ಸೆಟ್ಟಿಂಗ್ ಇದೆ.

ಚಿತ್ರ ಮಾತ್ರ ದೊಡ್ಡದಾದರೆ ಸಾಕು ಅಂದರೆ ಸುಲಭ. ಖಾಲಿ ಜಾಗದಲ್ಲಿ ರೈಟ್ ಕ್ಲಿಕ್, ವ್ಯೂ, ಲಾರ್ಜ್ ಐಕಾನ್ಸ್. ಮೀಡಿಯಂ ಐಕಾನ್ 48 ಚುಕ್ಕಿ ಅಗಲ, ಲಾರ್ಜ್ 96. ನಡುವಿನ ಅಳತೆ ಬೇಕಾದರೆ ಕಂಟ್ರೋಲ್ ಕೀ ಒತ್ತಿ ಹಿಡಿದು ಮೌಸ್‌ನ ಚಕ್ರ ತಿರುಗಿಸಿ. ಅಪ್ಪ ಸಾಕು ಅನ್ನುವವರೆಗೆ ನಿಧಾನವಾಗಿ ದೊಡ್ಡದು ಮಾಡಬಹುದು.

ಪ್ರಶ್ನೆ: ಮಾಡಿದೆ ಸರ್. ಮಸುಕು ಪೂರ್ತಿ ಹೋಯ್ತು! ಚಿತ್ರ ಚೆನ್ನಾಗಿ ಕಾಣುತ್ತಿದೆಯಂತೆ. ಆದರೆ ಕೆಳಗಿನ ಹೆಸರು ಹಾಗೇ ಚಿಕ್ಕದಾಗಿಯೇ ಇದೆ.

ಉತ್ತರ: ಹೌದು, ಚಕ್ರ ತಿರುಗಿಸಿದರೆ ಬೆಳೆಯುವುದು ಚಿತ್ರ ಮಾತ್ರ. ಅಕ್ಷರಕ್ಕೆ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿಗೆ ಹೋಗಿ, ಟೆಕ್ಸ್ಟ್ ಸೈಜ್ ತೆರೆಯಿರಿ. ಅಲ್ಲಿರುವ ಗುಂಡಿಯನ್ನು ಬಲಕ್ಕೆ ಎಳೆದು ಅಪ್ಲೈ ಒತ್ತಿ. 225% ತನಕ ಹೋಗುತ್ತದೆ, ಆದರೆ ಅಷ್ಟು ಬೇಡ. ಉದ್ದದ ಹೆಸರುಗಳು ಅರ್ಧಕ್ಕೇ ತುಂಡಾಗಿ ಮೂರು ಚುಕ್ಕಿ ಬರುತ್ತವೆ. 120ರ ಹತ್ತಿರ ಶುರು ಮಾಡಿ ನೋಡಿ.

ಟಾಸ್ಕ್‌ಬಾರ್, ಮೆನು, ಬಟನ್ ಎಲ್ಲವೂ ದೊಡ್ಡದಾಗಬೇಕಾದರೆ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿರುವ ಸ್ಕೇಲ್ ಅನ್ನು 125% ಮಾಡಿ. 48 ಚುಕ್ಕಿಯ ಐಕಾನ್ ಆಗ 60 ಚುಕ್ಕಿಯಲ್ಲಿ ಬರುತ್ತದೆ. ಇಲ್ಲಿ ಮಾನಿಟರ್‌ನ ಪೂರ್ತಿ ಚುಕ್ಕಿಗಳನ್ನು ಬಳಸಿ ಅಕ್ಷರವನ್ನು ಹೊಸದಾಗಿಯೇ ಬಿಡಿಸುವುದರಿಂದ ಅಂಚು ಚೂಪಾಗಿರುತ್ತದೆ. 150% ಕೂಡ ಹಾಕಬಹುದು. ಆದರೆ ಆಗ ನಿಮಗೆ ಸಿಗುವ ಜಾಗ 1280×720ರಷ್ಟೇ. ಕೆಲವು ಕಿಟಕಿಗಳ ಕೆಳಗಿನ ಬಟನ್ ಪರದೆಯ ಆಚೆ ಹೋಗಿಬಿಡುತ್ತದೆ.

ಇನ್ನೊಂದು ಮಾತು, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅದೇ ಆಕ್ಸೆಸಿಬಿಲಿಟಿಯಲ್ಲಿ ಮೌಸ್ ಬಾಣದ ಗಾತ್ರವೂ ಇದೆ, 1ರಿಂದ 15ರವರೆಗೆ. ಅದನ್ನು 3 ಅಥವಾ 4 ಮಾಡಿ. ಐಕಾನ್ ಕಂಡರೂ ಬಾಣ ಎಲ್ಲಿದೆ ಅಂತ ಹುಡುಕುತ್ತಾ ಕೂರುವ ಹಿರಿಯರು ತುಂಬಾ ಜನ. ಬಾಣ ದೊಡ್ಡದಾದರೆ ಅವರಿಗೆ ಅರ್ಧ ಸುಸ್ತು ಕಮ್ಮಿ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ನನ್ನದು ಉಲ್ಟಾ ಕಥೆ ಸರ್. ಏನೂ ಮುಟ್ಟಿಲ್ಲ, ಇದ್ದಕ್ಕಿದ್ದಂತೆ ಐಕಾನ್‌ಗಳು ತಟ್ಟೆಯಷ್ಟು ದೊಡ್ಡದಾಗಿವೆ. ವೈರಸ್ ಇರಬಹುದಾ?

ಉತ್ತರ: ವೈರಸ್ ಅಲ್ಲ, ಹೆದರಬೇಡಿ. ಕಂಟ್ರೋಲ್ ಕೀ ಮೇಲೆ ಕೈ ಇದ್ದಾಗ ಚಕ್ರ ತಿರುಗಿರುತ್ತದೆ, ಅಷ್ಟೇ. ಲ್ಯಾಪ್‌ಟಾಪ್ ಆದರೆ ಟಚ್‌ಪ್ಯಾಡ್ ಮೇಲೆ ಎರಡು ಬೆರಳು ಸರಿದಾಡಿದರೂ ಹೀಗಾಗುತ್ತದೆ. ಡೆಸ್ಕ್‌ಟಾಪ್‌ನ ಖಾಲಿ ಜಾಗ ಒಮ್ಮೆ ಕ್ಲಿಕ್ ಮಾಡಿ, ಕಂಟ್ರೋಲ್, ಶಿಫ್ಟ್ ಜೊತೆ 3 ಒತ್ತಿ. ಮೀಡಿಯಂ ಗಾತ್ರಕ್ಕೆ ಬರುತ್ತದೆ. 2 ಒತ್ತಿದರೆ ಲಾರ್ಜ್, 4 ಒತ್ತಿದರೆ ಸ್ಮಾಲ್.

ಮತ್ತೊಬ್ಬರ ಪ್ರಶ್ನೆ: ಮ್ಯಾಕ್‌ನಲ್ಲಿ ಹೇಗೆ? ವ್ಯೂ ಅಂತ ಸಿಗುತ್ತಿಲ್ಲ.

ಉತ್ತರ: ಡೆಸ್ಕ್‌ಟಾಪ್ ಕ್ಲಿಕ್ ಮಾಡಿ ಕಮಾಂಡ್ ಜೊತೆ ಜೆ ಒತ್ತಿ. ಐಕಾನ್ ಗಾತ್ರ, ಐಕಾನ್‌ಗಳ ನಡುವಿನ ಅಂತರ, ಹೆಸರಿನ ಅಕ್ಷರದ ಗಾತ್ರ ಮೂರೂ ಒಂದೇ ಕಡೆ ಸಿಗುತ್ತವೆ. ಈ ವಿಷಯದಲ್ಲಿ ಮ್ಯಾಕ್ ಮಾಡಿರುವುದೇ ಸರಿ ಅಂತ ನನ್ನ ಅಭಿಪ್ರಾಯ. ಪರದೆಯ ಕೆಳಗಿನ ಐಕಾನ್ ಸಾಲು, ಅಂದರೆ ಡಾಕ್‌ನ ಗಾತ್ರ ಮಾತ್ರ ಇದರಿಂದ ಬದಲಾಗುವುದಿಲ್ಲ, ಅದಕ್ಕೆ ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ ನೋಡಿ.

ಮೊದಲು ಕೇಳಿದವರು: ಸ್ಕೇಲ್ 125, ಬಾಣ 4 ಮಾಡಿದೆ. ಅಪ್ಪ ತಾವೇ ಕೂತು ಫೋಟೋ ಫೋಲ್ಡರ್ ತೆರೆದರು! ಎರಡು ತೊಂದರೆ ಉಳಿದಿವೆ. ಐಕಾನ್‌ಗಳ ಜಾಗ ಅದಲು ಬದಲಾಗಿದೆ. ಲೆಕ್ಕ ಬರೆಯುವ ಒಂದು ಹಳೆಯ ಪ್ರೋಗ್ರಾಂ ಈಗ ಮಸುಕಾಗಿ ಕಾಣುತ್ತದೆ, ಮಿಕ್ಕಿದ್ದೆಲ್ಲ ಸರಿ ಇದೆ.

ಉತ್ತರ: ತುಂಬಾ ಖುಷಿಯಾಯ್ತು. ಐಕಾನ್ ಜಾಗ ಅದಲು ಬದಲಾಗುವುದು ಸಾಮಾನ್ಯ, ಈಗ ಕೈಯಿಂದಲೇ ಎಳೆದು ಜೋಡಿಸಬೇಕು. ವ್ಯೂ ಮೆನುವಿನಲ್ಲಿ ಆಟೋ ಅರೇಂಜ್ ಮುಂದಿನ ಗುರುತು ತೆಗೆಯಿರಿ, ಅಲೈನ್ ಟು ಗ್ರಿಡ್ ಇರಲಿ. ಸಾಲು ನೇರ ನಿಲ್ಲುತ್ತದೆ. ಹಿರಿಯರು ಐಕಾನ್ ಹುಡುಕುವುದು ಅದರ ಜಾಗ ನೋಡಿ, ಹೆಸರು ಓದಿ ಅಲ್ಲ. ಆದ್ದರಿಂದ ಅಪ್ಪನಿಗೆ ಮೊದಲು ಎಲ್ಲಿ ಏನಿತ್ತು ಅಂತ ಕೇಳಿಯೇ ಇಡಿ. ಇಟ್ಟ ಮೇಲೆ ಮೊಬೈಲ್‌ನಲ್ಲಿ ಪರದೆಯ ಒಂದು ಫೋಟೋ ತೆಗೆದಿಟ್ಟುಕೊಳ್ಳಿ, ಇನ್ನೊಮ್ಮೆ ಕೆಟ್ಟರೆ ನೋಡಿಕೊಂಡು ಜೋಡಿಸಬಹುದು.

ಹಳೆಯ ಪ್ರೋಗ್ರಾಂಗೆ ಸ್ಕೇಲ್ ಅನ್ನುವುದೇ ಗೊತ್ತಿರುವುದಿಲ್ಲ. ಅದು 100% ಅಂದುಕೊಂಡು ಬಿಡಿಸುತ್ತದೆ, ವಿಂಡೋಸ್ ಆ ಚಿತ್ರವನ್ನು ಹಿಗ್ಗಿಸುತ್ತದೆ. ಆ ಪ್ರೋಗ್ರಾಂನ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ, ಚೇಂಜ್ ಹೈ ಡಿಪಿಐ ಸೆಟ್ಟಿಂಗ್ಸ್ ತೆರೆಯಿರಿ. ಕೆಳಗೆ ಓವರ್‌ರೈಡ್ ಅಂತ ಇರುವುದಕ್ಕೆ ಗುರುತು ಹಾಕಿ, ಮೊದಲು ಸಿಸ್ಟಮ್ ಎನ್‌ಹಾನ್ಸ್‌ಡ್ ಆರಿಸಿ. ಪ್ರೋಗ್ರಾಂ ಮುಚ್ಚಿ ಮತ್ತೆ ತೆರೆದು ನೋಡಿ. ಸರಿ ಕಾಣದಿದ್ದರೆ ಅಪ್ಲಿಕೇಷನ್ ಆರಿಸಿ. ಆಗ ಚೂಪಾಗುತ್ತದೆ, ಆದರೆ ಚಿಕ್ಕದಾಗುತ್ತದೆ. ಎರಡರಲ್ಲಿ ಯಾವುದು ಓದಲು ಸುಲಭ ಅಂತ ಅಪ್ಪನೇ ಹೇಳಲಿ.