ಫಿನ್ಲೆಂಡ್ ನೇಟೋ ಸೇರಿದ್ದು ಭಯಕ್ಕೋ, ಲೆಕ್ಕಾಚಾರಕ್ಕೋ?

ಬಯಲುಸೀಮೆಯವನು:
ರಷ್ಯಾದೊಡನೆ ಸುಮಾರು 1,340 ಕಿಲೋಮೀಟರ್ ಗಡಿ ಹಂಚಿಕೊಂಡಿರುವ, 55 ಲಕ್ಷದಷ್ಟು ಜನರಿರುವ ಫಿನ್ಲೆಂಡ್ 2023ರ ಏಪ್ರಿಲ್ 4ರಂದು ಅಮೆರಿಕ ಮತ್ತು ಯುರೋಪಿನ ದೇಶಗಳ ಸೇನಾ ಕೂಟವಾದ ನೇಟೋದ 31ನೆಯ ಸದಸ್ಯ ರಾಷ್ಟ್ರವಾಯಿತು. ಶೀತಲ ಸಮರದ ಉದ್ದಕ್ಕೂ ಯಾವ ಬಣಕ್ಕೂ ಸೇರದೆ ನೆಮ್ಮದಿಯಾಗಿದ್ದ ದೇಶಕ್ಕೆ ಈಗ ಬಲಾಢ್ಯ ನೆರೆಯವನನ್ನು ಕೆಣಕುವ ಅಗತ್ಯವೇನಿತ್ತು ಎಂಬುದು ನನ್ನ ಪ್ರಶ್ನೆ.

ಹಳೆಯ ಓದುಗ:
ಆ ‘ನೆಮ್ಮದಿ’ಯ ಬೆಲೆಯನ್ನೂ ನೋಡಬೇಕು. 1948ರಲ್ಲಿ ಮಾಸ್ಕೋದೊಡನೆ ಮಾಡಿಕೊಂಡ ಸ್ನೇಹ ಒಪ್ಪಂದದ ಆಧಾರದ ಮೇಲೆ 1961ರಲ್ಲಿ ಸೋವಿಯತ್ ಒಕ್ಕೂಟ ಸೇನಾ ಸಮಾಲೋಚನೆಗೆ ಬರುವಂತೆ ಒಂದು ಪತ್ರ ಕಳುಹಿಸಿತು. ಅದರ ಬಿಸಿಗೆ ಅಧ್ಯಕ್ಷ ಕೆಕ್ಕೊನೆನ್ ಅವರ ಎದುರು ನಿಂತಿದ್ದ ಅಭ್ಯರ್ಥಿ ಕಣದಿಂದಲೇ ಹಿಂದೆ ಸರಿದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ನೀತಿಯಿಂದ ದೇಶ ಉಳಿಯಿತು, ನಿಜ. ಆದರೆ ಚುನಾವಣೆಯಲ್ಲಿ ಯಾರು ನಿಲ್ಲಬೇಕೆಂಬುದಕ್ಕೂ ನೆರೆಮನೆಯ ಮುಖ ನೋಡಬೇಕಾಗಿತ್ತು.

ಅದಕ್ಕೂ ಹಿಂದಿನ ನೆನಪು ಇನ್ನೂ ಕಹಿಯಾದದ್ದು. 1939ರ ನವೆಂಬರ್ 30ರಂದು ಸೋವಿಯತ್ ಸೇನೆ ಗಡಿ ದಾಟಿದಾಗ ವಿಶ್ವಸಂಸ್ಥೆಗೂ ಹಿಂದಿನ ರಾಷ್ಟ್ರಸಂಘವು ಆಕ್ರಮಣಕಾರನನ್ನು ತನ್ನ ಸದಸ್ಯತ್ವದಿಂದ ಹೊರಹಾಕಿತು, ಸ್ವೀಡನ್ನಿಂದ ಸ್ವಯಂಸೇವಕರು ಬಂದರು, ಬ್ರಿಟನ್ ಮತ್ತು ಫ್ರಾನ್ಸ್ ಯೋಜನೆಗಳನ್ನು ಹಾಕುತ್ತ ಕುಳಿತವು. ಆದರೆ ಯಾವ ದೇಶದ ಸೇನೆಯೂ ಬರಲಿಲ್ಲ. 105 ದಿನಗಳ ಬಳಿಕ ವೀಪುರಿ ನಗರವೂ ಸೇರಿದಂತೆ ಪೂರ್ವಗಡಿಯ ಕರೇಲಿಯಾ ಪ್ರಾಂತದ ದೊಡ್ಡ ಭಾಗ ಕೈಬಿಟ್ಟಿತು, ಸುಮಾರು ನಾಲ್ಕು ಲಕ್ಷ ಜನ ಮನೆಮಠ ತೊರೆದು ಪಶ್ಚಿಮಕ್ಕೆ ನಡೆದರು. ಅನುಕಂಪಕ್ಕೂ ಒಪ್ಪಂದಕ್ಕೂ ಇರುವ ಅಂತರವನ್ನು ಆ ಮನೆಗಳ ಮೊಮ್ಮಕ್ಕಳಿಗೆ ಯಾರೂ ವಿವರಿಸಬೇಕಾಗಿಲ್ಲ.

ಬಯಲುಸೀಮೆಯವನು:
ಹಾಗಿದ್ದರೆ 2004ರಲ್ಲಿ ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ ಸೇರಿದಾಗಲೇ ಫಿನ್ಲೆಂಡ್ ಏಕೆ ಸೇರಲಿಲ್ಲ? ಇತಿಹಾಸವೇ ಕಾರಣವಾಗಿದ್ದರೆ ಅಷ್ಟು ವರ್ಷ ಕಾಯುತ್ತಿರಲಿಲ್ಲ.

ಕಡಲತಡಿ:
ಒಳ್ಳೆಯ ಪ್ರಶ್ನೆ, ಉತ್ತರ ಇರುವುದೂ ಅಲ್ಲಿಯೇ. ಬೇಕೆಂದಾಗ ಅರ್ಜಿ ಹಾಕಬಹುದೆಂಬ ಬಾಗಿಲನ್ನು ಫಿನ್ಲೆಂಡ್ ಬೇಕೆಂದೇ ತೆರೆದಿಟ್ಟುಕೊಂಡಿತ್ತು, ಮತ್ತು ಆ ತೆರೆದ ಬಾಗಿಲೇ ಅದರ ಅರ್ಧ ರಕ್ಷಣೆಯಾಗಿತ್ತು. 2021ರ ಡಿಸೆಂಬರ್‌ನಲ್ಲಿ ರಷ್ಯಾ, ನೇಟೋ ಇನ್ನು ಯಾರನ್ನೂ ಸೇರಿಸಿಕೊಳ್ಳಕೂಡದೆಂದು ಲಿಖಿತ ಬೇಡಿಕೆ ಇಟ್ಟಾಗ ಆ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಲು ಹೊರಟಂತಾಯಿತು. ಎರಡು ತಿಂಗಳಲ್ಲಿ ಉಕ್ರೇನಿನ ಮೇಲೆ ದಾಳಿ ನಡೆಯಿತು. ತಾನಾಗಿ ಆರಿಸಿಕೊಂಡ ತಾಟಸ್ಥ್ಯ ಬೇರೆ, ನೆರೆಯವನು ಹೇರುವ ತಾಟಸ್ಥ್ಯ ಬೇರೆ. ಅಲ್ಲಿಯವರೆಗೆ ಸದಸ್ಯತ್ವಕ್ಕೆ ಅಲ್ಪಸಂಖ್ಯಾತರ ಬೆಂಬಲವಷ್ಟೇ ಇದ್ದ ದೇಶದ ಸಂಸತ್ತು 2022ರ ಮೇ 17ರಂದು 188–8 ಮತಗಳಿಂದ ಅರ್ಜಿಗೆ ಒಪ್ಪಿಗೆ ಕೊಟ್ಟಿತು.

ಜಾರ್ಜಿಯಾದ ಪಾಡನ್ನೂ ಅವರು ನೋಡಿದ್ದರು. 2008ರ ಏಪ್ರಿಲ್‌ನಲ್ಲಿ ಬುಕಾರೆಸ್ಟಿನ ನೇಟೋ ಶೃಂಗಸಭೆಯಲ್ಲಿ ಅದಕ್ಕೆ ‘ಮುಂದೊಂದು ದಿನ ಸದಸ್ಯರಾಗುವಿರಿ’ ಎಂಬ ಭರವಸೆ ಸಿಕ್ಕಿತು, ಆಗಸ್ಟಿನಲ್ಲಿ ರಷ್ಯಾದೊಡನೆ ಯುದ್ಧ ಬಂತು. ಯುದ್ಧಕಾಲೇ ಶಸ್ತ್ರಾಭ್ಯಾಸ ಮಾಡಹೊರಟರೆ ಏನಾಗುತ್ತದೆಂಬುದಕ್ಕೆ ಬೇರೆ ಪಾಠ ಬೇಕಿರಲಿಲ್ಲ.

ಮಲೆನಾಡಿಗ:
ಒಂದು ಆಕ್ಷೇಪ. ಕೂಟ ಸೇರಿದ ಸಣ್ಣ ದೇಶ ದೊಡ್ಡಣ್ಣನ ಯುದ್ಧಗಳಿಗೂ ಹೆಗಲು ಕೊಡಬೇಕಾಗುತ್ತದೆ. ಒಬ್ಬ ಸದಸ್ಯನ ಮೇಲಿನ ದಾಳಿ ಎಲ್ಲರ ಮೇಲಿನ ದಾಳಿ ಎನ್ನುವ ನೇಟೋದ ಐದನೆಯ ವಿಧಿಯನ್ನು ಈವರೆಗೆ ಬಳಸಿದ್ದು ಒಂದೇ ಸಲ, ಅದೂ 2001ರ ದಾಳಿಯ ನಂತರ ಅಮೆರಿಕದ ಪರವಾಗಿ.

ಹಳೆಯ ಓದುಗ:
ತಮ್ಮ ಮಾತು ಸರಿ, ಆದರೆ ಸದಸ್ಯನಲ್ಲದಿದ್ದಾಗಲೇ ಫಿನ್ಲೆಂಡ್ ಅಫ್ಘಾನಿಸ್ತಾನಕ್ಕೆ ಸೈನಿಕರನ್ನು ಕಳುಹಿಸಿತ್ತು. ಹೊಣೆ ಹೊತ್ತಾಗಿತ್ತು, ಆಸರೆ ಮಾತ್ರ ಸಿಕ್ಕಿರಲಿಲ್ಲ. ಇನ್ನು, ಸೇರಿದ ಮಾತ್ರಕ್ಕೆ ಎಲ್ಲವನ್ನೂ ಒಪ್ಪಿಸಿಬಿಡಬೇಕೆಂದೇನೂ ಇಲ್ಲ: 1949ರಲ್ಲಿ ಸ್ಥಾಪಕ ಸದಸ್ಯನಾದ ನಾರ್ವೆಗೂ ಸೋವಿಯತ್ ಗಡಿಯಿತ್ತು, ಶಾಂತಿಕಾಲದಲ್ಲಿ ವಿದೇಶಿ ಸೇನೆಗೆ ನೆಲೆ ಕೊಡುವುದಿಲ್ಲವೆಂದು ಅದು ತಾನೇ ಗೆರೆ ಎಳೆದುಕೊಂಡಿತು.

ಕಡಲತಡಿ:
ಫಿನ್ಲೆಂಡ್ ಇತರರನ್ನೇ ನೆಚ್ಚಿ ಕುಳಿತ ದೇಶವೂ ಅಲ್ಲ. ಹೆಲ್ಸಿಂಕಿಯ ಇಟಾಕೆಸ್ಕುಸ್‌ನಲ್ಲಿ ಬಂಡೆ ಕೊರೆದು ನೆಲದಡಿ ಕಟ್ಟಿದ ಈಜುಕೊಳವಿದೆ. ನೀರು ಖಾಲಿ ಮಾಡಿ 72 ಗಂಟೆಗಳೊಳಗೆ 3,800 ಜನರ ರಕ್ಷಣಾ ತಾಣವಾಗಿಸುವಂತೆ ಅದನ್ನು ರೂಪಿಸಿದ್ದಾರೆ. ಗಂಡಸರಿಗೆ ಕಡ್ಡಾಯ ಸೇನಾ ಸೇವೆಯನ್ನು ಶೀತಲ ಸಮರ ಮುಗಿದ ಮೇಲೂ ಕೈಬಿಡಲಿಲ್ಲ.

ಬಯಲುಸೀಮೆಯವನು:
ಹಿಂದಿನ ತಾಟಸ್ಥ್ಯವನ್ನು ನಾನು ತುಸು ಹೊಗಳಿಬಿಟ್ಟೆ, ಒಪ್ಪುತ್ತೇನೆ. ಆದರೂ ರಷ್ಯಾ ಗಡಿಯ ರಸ್ತೆ ದ್ವಾರಗಳನ್ನು ಫಿನ್ಲೆಂಡ್ ಮುಚ್ಚಿದ ಮೇಲೆ, ರಷ್ಯನ್ ಗಿರಾಕಿಗಳನ್ನೇ ನಂಬಿದ್ದ ಗಡಿಯ ಊರು ಲಪ್ಪೇನ್‌ರಾಂತಾದ ಅಂಗಡಿಯವರಿಗೆ ಈ ಲೆಕ್ಕ ಹೇಗೆ ಕಾಣುತ್ತಿದೆಯೋ, ಅದನ್ನು ಅವರ ಬಾಯಿಂದಲೇ ಕೇಳಬೇಕು.